ಮಧುಮೇಹಿಯ ಊಟದಲ್ಲಿ ರಾಗಿಯ ಸ್ಥಾನ

ಮಧುಮೇಹವು ಪಟ್ಟಣದ ಸಿರಿವಂತರ ರೋಗವೆಂದೂ, ಹೊಲದಲ್ಲಿ ದುಡಿದುಣ್ಣುವವನನ್ನು ಅದು ಮುಟ್ಟಲಾರದೆಂದೂ ಜನರಲ್ಲಿ ಬಹುಕಾಲದಿಂದ ಒಂದು ನಂಬಿಕೆಯುಂಟು. ಈ ನಂಬಿಕೆಗೆ ಈಗ ಆಧಾರವುಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಪಟ್ಟಣಗಳಲ್ಲಿ ನೂರಕ್ಕೆ 16.4 ಮಂದಿಗೂ ಹಳ್ಳಿಗಳಲ್ಲಿ ನೂರಕ್ಕೆ 8.9 ಮಂದಿಗೂ ಈ ವ್ಯಾಧಿಯಿದ್ದುದು ಕಂಡುಬಂದಿತು. ಎಂದರೆ ಹಳ್ಳಿಗಳಲ್ಲಿ ಸುಮಾರು ಹನ್ನೊಂದು ಮಂದಿ ವಯಸ್ಕರಿಗೆ ಒಬ್ಬನು ಮಧುಮೇಹಿ. ಆದುದರಿಂದ ಗ್ರಾಮ ಪ್ರಮುಖರೂ ಜಮೀನುದಾರರೂ ಈ ವಿಷಯವನ್ನು ತಿಳಿದಿರುವುದು ಅತ್ಯವಶ್ಯಕ.

ವ್ಯಾಧಿಯ ಸ್ವರೂಪ

ಉಂಡ ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟವು ಜೀರ್ಣವಾದ ಮೇಲೆ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದನ್ನು ಅಂಗಾಂಗಗಳು ಬಳಸಿಕೊಳ್ಳುವಂತೆ ಮಾಡುವುದು ಮೇದೋಜೀರಕ ಗ್ರಂಥಿಯಿಂದ ಒಸರುವ ಇನ್ಸುಲಿನ್ ಎಂಬ ರಸ. ಈ ರಸವು ಸಾಲದೆ ಹೋದಾಗ, ಅಥವಾ ಇದ್ದರೂ ದೇಹವು ಅದಕ್ಕೆ ಸರಿಯಾಗಿ ಓಗೊಡದಿದ್ದಾಗ, ಸಕ್ಕರೆಯು ರಕ್ತದಲ್ಲಿಯೇ ನಿಂತುಬಿಡುತ್ತದೆ. ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ, ಕಾರಣವಿಲ್ಲದೆ ಮೈ ಇಳಿಯುವುದು, ಗಾಯ ಮಾಯದಿರುವುದು, ಪಾದಗಳು ಜೋಮು ಹಿಡಿಯುವುದು ಇದರ ಚಿಹ್ನೆಗಳು. ಅನೇಕರಲ್ಲಿ ವರ್ಷಗಟ್ಟಲೆ ಯಾವ ಚಿಹ್ನೆಯೂ ತೋರದಿರುವುದುಂಟು. ಅಲಕ್ಷ್ಯ ಮಾಡಿದರೆ ಕಣ್ಣು, ಮೂತ್ರಪಿಂಡ, ಹೃದಯ ಮತ್ತು ಪಾದಗಳು ಕೆಡುತ್ತವೆ. ಬರಿಗಾಲಿನಲ್ಲಿ ಗದ್ದೆಗಿಳಿಯುವ ರೈತನಿಗೆ ಸ್ಪರ್ಶಜ್ಞಾನವಿಲ್ಲದ ಪಾದದಲ್ಲಿ ತಗುಲಿದ ಒಂದು ಮುಳ್ಳು ಕಾಲನ್ನೇ ಕಳೆಯುವಷ್ಟು ಕೇಡು ತರಬಲ್ಲದು.

ಪಿಷ್ಟದ ಲೆಕ್ಕ

ಮಧುಮೇಹಿಯು ಅನ್ನವನ್ನು ಬಿಟ್ಟು ರಾಗಿಯನ್ನು ಎಷ್ಟು ಬೇಕಾದರೂ ಉಣ್ಣಬಹುದೆಂದು ಹಲವರು ತಿಳಿದಿರುತ್ತಾರೆ. ಇದು ತಪ್ಪು ತಿಳಿವಳಿಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಪಟ್ಟಿಯಂತೆ, 100 ಗ್ರಾಂ ಬಿಳಿಯ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟಗಳೂ, ಅಷ್ಟೇ ತೂಕದ ರಾಗಿಯಲ್ಲಿ ಸುಮಾರು 67 ಗ್ರಾಂ, ಜೋಳದಲ್ಲಿ ಸುಮಾರು 68 ಗ್ರಾಂ ಇರುತ್ತವೆ. ವ್ಯತ್ಯಾಸವು ದೊಡ್ಡದೇನೂ ಅಲ್ಲ. 100 ಗ್ರಾಂ ಹಿಟ್ಟಿನ ಮುದ್ದೆಗಳೆರಡನ್ನು ಒಂದೇ ಹೊತ್ತಿಗೆ ಉಂಡವನು ಸುಮಾರು 134 ಗ್ರಾಂ ಶರ್ಕರಪಿಷ್ಟವನ್ನು ಸೇವಿಸಿದಂತಾಯಿತು. 100 ಗ್ರಾಂ ಅಕ್ಕಿಯ ಅನ್ನವನ್ನು ಉಂಡವನಿಗಿಂತ ಇವನ ರಕ್ತಕ್ಕೆ ಹೆಚ್ಚು ಸಕ್ಕರೆ ಸೇರುವ ಸಂಭವವುಂಟು. ಧಾನ್ಯ ಯಾವುದು ಎಂಬುದಕ್ಕಿಂತ ಮೊದಲು ವಿಚಾರಿಸತಕ್ಕದ್ದು ಅದರ ಪ್ರಮಾಣ.

ಇಡಿಯ ಧಾನ್ಯದ ಗುಣ

ಹಾಗಾದರೆ ರಾಗಿಯ ಹೆಚ್ಚುಗಾರಿಕೆ ಯಾವುದರಲ್ಲಿ? ಮೊದಲನೆಯದು ನಾರು. ಬಿಳಿಯ ಅಕ್ಕಿಯಲ್ಲಿ ನೂರು ಗ್ರಾಮಿಗೆ ಸುಮಾರು 3 ಗ್ರಾಂ ನಾರಿದ್ದರೆ, ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ಉಂಟು. ನಾರು ಹೆಚ್ಚಾಗಿರುವ ಆಹಾರವು ನಿಧಾನವಾಗಿ ಜೀರ್ಣವಾಗುವುದರಿಂದ ಸಕ್ಕರೆಯು ರಕ್ತಕ್ಕೆ ಒಮ್ಮೆಗೇ ನುಗ್ಗದೆ ಕ್ರಮವಾಗಿ ಸೇರುತ್ತದೆ. ಹೊಟ್ಟೆಯೂ ಬೇಗ ತುಂಬಿದಂತಾಗುತ್ತದೆ. ಎರಡನೆಯದು ಸುಣ್ಣದಂಶ. ನೂರು ಗ್ರಾಂ ರಾಗಿಯಲ್ಲಿ ಇದು ಸುಮಾರು 360 ಮಿಲಿಗ್ರಾಮಿನಷ್ಟಿದ್ದು, ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮಿಗೂ ಕಡಿಮೆ.

ಈ ಗುಣಗಳು ಬಹುಮಟ್ಟಿಗೆ ಕಾಳಿನ ಸಿಪ್ಪೆಯಲ್ಲಿ ಅಡಗಿರುತ್ತವೆ. ಅಕ್ಕಿಯನ್ನು ಗಿರಣಿಯಲ್ಲಿ ಬಿಳುಪು ಮಾಡಿದಾಗ ತೌಡಿನೊಡನೆ ಅವು ಹೋಗಿಬಿಡುತ್ತವೆ. ರಾಗಿಯ ಕಾಳು ಅತಿ ಸಣ್ಣದಾಗಿ, ಅದರ ಸಿಪ್ಪೆಯು ತಿರುಳಿಗೆ ಬಿಗಿಯಾಗಿ ಅಂಟಿರುವುದರಿಂದ ನಮ್ಮ ಹಿರಿಯರು ಅದನ್ನು ಇಡಿಯಾಗಿಯೇ ಬೀಸಿ ಉಣ್ಣುತ್ತಿದ್ದರು. ಈಗ ಹಿಟ್ಟು ನುಣುಪಾಗಲೆಂದು ಸಣ್ಣ ಜರಡಿಯಲ್ಲಿ ಸೋಸಿ ತವುಡನ್ನು ದನಗಳಿಗೆ ಹಾಕುವ ಮನೆಗಳುಂಟು. ಇದರಿಂದ ಧಾನ್ಯದ ಸಾರವನ್ನು ಕೊಟ್ಟಿಗೆಗೆ ಕೊಟ್ಟು ಪಿಷ್ಟವನ್ನು ಮಾತ್ರ ಮನೆಯವರು ಉಂಡಂತಾಗುತ್ತದೆ.

ಅಡುಗೆಯ ಕ್ರಮ

ಟೊರಾಂಟೊ ನಗರದ ಡೇವಿಡ್ ಜೆಂಕಿನ್ಸ್ ಮತ್ತು ಅವರ ಸಹೋದ್ಯೋಗಿಗಳು 1981ರಲ್ಲಿ, ಬೇರೆಬೇರೆ ಆಹಾರಗಳು ರಕ್ತದ ಸಕ್ಕರೆಯನ್ನು ಎಷ್ಟರಮಟ್ಟಿಗೆ ಏರಿಸುತ್ತವೆಂಬುದನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಒಂದೇ ಧಾನ್ಯವೂ ಬೀಸುವ ಮತ್ತು ಬೇಯಿಸುವ ರೀತಿಗನುಸಾರವಾಗಿ ಬೇರೆಬೇರೆ ಫಲ ಕೊಡುವುದೆಂಬುದು ಇಂತಹ ಪರೀಕ್ಷೆಗಳಿಂದ ತಿಳಿದಿದೆ. ನುಣ್ಣಗೆ ಬೀಸಿ ತೆಳ್ಳಗೆ ಕಾಯಿಸಿದ ಗಂಜಿಯು ಬೇಗ ಜೀರ್ಣವಾಗಿ ಸಕ್ಕರೆಯನ್ನು ಶೀಘ್ರವಾಗಿ ಏರಿಸುತ್ತದೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನಿಂದ ಮಾಡಿ ಬೆಲ್ಲ ಬೆರೆಸಿದ ಪಾನೀಯವು ಮಕ್ಕಳಿಗೆ ಒಳ್ಳೆಯದಾದರೂ ಮಧುಮೇಹಿಗೆ ತಕ್ಕುದಲ್ಲ. ಬೆಲ್ಲವೂ ಜೇನೂ ಸಕ್ಕರೆಗೆ ಬದಲಾಗಲಾರವು. ಮೂರೂ ರಕ್ತದ ಸಕ್ಕರೆಯನ್ನು ಏರಿಸುವಂತಹವೇ.

ಮಧುಮೇಹಿಯು ಸಣ್ಣದೊಂದು ಮುದ್ದೆಯನ್ನೋ ಒಂದೆರಡು ಜೋಳದ ರೊಟ್ಟಿಗಳನ್ನೋ ಇಟ್ಟುಕೊಂಡು, ಅದರೊಡನೆ ಧಾರಾಳವಾಗಿ ಸೊಪ್ಪಿನ ಸಾರು, ಬಸ್ಸಾರಿನ ಪಲ್ಯ, ಅವರೆ, ಹುರುಳಿ, ಅಲಸಂದೆ ಮೊದಲಾದ ಕಾಳುಗಳು ಮತ್ತು ಮಜ್ಜಿಗೆಯನ್ನು ಸೇವಿಸುವುದು ಉತ್ತಮ. ಮುದ್ದೆಯಾದ ಮೇಲೆ ರೂಢಿಯಂತೆ ಅನ್ನವನ್ನೂ ಬಡಿಸಿಕೊಂಡರೆ ಮಾಡಿದ ಪಥ್ಯವೆಲ್ಲವೂ ವ್ಯರ್ಥ. ದಿನದ ಆಹಾರಶಕ್ತಿಯಲ್ಲಿ ನೂರಕ್ಕೆ 45 ಭಾಗಕ್ಕಿಂತ ಹೆಚ್ಚು ಧಾನ್ಯಗಳಿಂದ ಬರಬಾರದೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಸರ್ವರಿಗೂ ಸೂಚಿಸಿದೆ.

ಎಚ್ಚರಿಕೆಗಳು

1. ಆಹಾರಕ್ರಮವು ಔಷಧಕ್ಕೆ ಸಹಾಯಕವೇ ಹೊರತು ಅದರ ಬದಲಲ್ಲ. ರಾಗಿ ಉಣ್ಣುತ್ತೇನೆಂದು ಇನ್ಸುಲಿನ್ನನ್ನಾಗಲಿ ಗುಳಿಗೆಯನ್ನಾಗಲಿ ತಾನಾಗಿಯೇ ಬಿಡಕೂಡದು.

2. ಔಷಧ ಸೇವಿಸುವವರು ಊಟವನ್ನು ಒಮ್ಮೆಗೇ ತಗ್ಗಿಸಿದರೆ ರಕ್ತದ ಸಕ್ಕರೆಯು ಅಪಾಯಕರವಾಗಿ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಆಗ, ಎಚ್ಚರವಿದ್ದವರಿಗೆ, ಮೂರು ಚಹದ ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸತಕ್ಕದ್ದು. ಪಥ್ಯವನ್ನು ವೈದ್ಯರೊಡನೆ ವಿಚಾರಿಸಿಯೇ ಬದಲಿಸಬೇಕು.

3. ಮೂತ್ರಪಿಂಡದ ರೋಗವುಳ್ಳವರು ಕಾಳು, ರಾಗಿಗಳ ಪ್ರಮಾಣವನ್ನು ವೈದ್ಯರಿಂದಲೇ ನಿಶ್ಚಯಿಸಿಕೊಳ್ಳತಕ್ಕದ್ದು.

ಗ್ರಾಮ ಪ್ರಮುಖರ ಕರ್ತವ್ಯ

ರಾಗಿಯ ಹೊಲದಲ್ಲಿ ಅಕ್ಕಡಿಯಾಗಿ ಅವರೆ, ತೊಗರಿ, ಅಲಸಂದೆಗಳನ್ನು ಬಿತ್ತುವ ಪದ್ಧತಿಯು ಈ ನಾಡಿನಲ್ಲಿ ಪೂರ್ವದಿಂದ ಬಂದುದು. ಹೊಲದಲ್ಲಿ ಒಟ್ಟಿಗೆ ಬೆಳೆದುದು ತಟ್ಟೆಯಲ್ಲಿಯೂ ಒಟ್ಟಿಗೆ ಸೇರಿದರೆ ಮಧುಮೇಹಿಗೆ ತಕ್ಕ ಊಟವು ಬಹುಮಟ್ಟಿಗೆ ಸಿದ್ಧವಾದಂತೆಯೇ. ಹಣದ ಬೆಳೆಗಳಿಗಾಗಿ ಭೂಮಿಯನ್ನೆಲ್ಲ ಮೀಸಲಿಟ್ಟು ಮನೆಯವರಿಗೂ ಆಳುಗಳಿಗೂ ಅಂಗಡಿಯ ಬಿಳಿಯ ಅಕ್ಕಿಯನ್ನೇ ಕೊಂಡುಕೊಡುವ ಜಮೀನುದಾರರು, ಮನೆಖರ್ಚಿಗೆ ಸಾಲುವಷ್ಟಾದರೂ ರಾಗಿ, ಜೋಳ, ಕಾಳುಗಳಿಗೆ ಒಂದು ಭಾಗವನ್ನು ಬಿಡುವುದು ಲೇಸು. ಚೆನ್ನಾಗಿ ಒಣಗಿಸಿದ ರಾಗಿಯು ಹುಳು ಬೀಳದೆ ಬಹುಕಾಲ ನಿಲ್ಲುವುದರಿಂದ ಶೇಖರಣೆಯ ಕಷ್ಟವೂ ಇಲ್ಲ.

ಮೂವತ್ತು ವರ್ಷ ದಾಟಿದ ಪ್ರತಿಯೊಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತವನ್ನು ಪರೀಕ್ಷೆ ಮಾಡಿಸಿಕೊಳ್ಳುವಂತೆ ಪ್ರಮುಖರು ಪ್ರೇರೇಪಿಸತಕ್ಕದ್ದು. ರಾತ್ರಿಯ ಉಪವಾಸದ ತರುವಾಯ ಬೆಳಿಗ್ಗೆ ತೆಗೆದ ರಕ್ತದಲ್ಲಿ ಗ್ಲೂಕೋಸ್ ಪ್ರಮಾಣವು 126 ಮಿಲಿಗ್ರಾಂ ಅಥವಾ ಅದಕ್ಕೆ ಮೇಲ್ಪಟ್ಟಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಮಧುಮೇಹವೆಂದು ನಿರ್ಧರಿಸುತ್ತಾರೆ. ಪ್ರಮುಖರು ಮೊದಲು ತಾವೇ ಹೋಗಿ ಪರೀಕ್ಷೆಗೆ ಕೈ ನೀಡಿದರೆ, ಊರಿನವರು ಹಿಂಜರಿಯದೆ ಅವರನ್ನು ಅನುಸರಿಸುವರು.