ನೆತ್ತರಿನ ಸಾಕ್ಷ್ಯ

ತುಂಗೆಯ ದಡದ ಶಿವಮೊಗ್ಗ, ಭದ್ರೆಯ ದಡದ ಭದ್ರಾವತಿ. ಇವೆರಡರ ನಡುವಣ ದೂರ ಸುಮಾರು 20 ಕಿಲೋಮೀಟರು. ಭದ್ರಾವತಿಗೆ ಹಿಂದೆ ಬೆಂಕಿಪುರವೆಂದು ಹೆಸರಿತ್ತು. 1918ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಮೊದಲಾಗಿ, 1923ರಲ್ಲಿ ಕುಲುಮೆ ಉರಿಯತೊಡಗಿತು. ಕುಲುಮೆಗೆ ಬೇಕಾದ ಇದ್ದಿಲು ಕಾಡಿನಿಂದಲೇ ಬರಬೇಕಾಗಿತ್ತು. ಮಲೆನಾಡಿನ ಕಾಡಿನಲ್ಲಿ ಮೆಲ್ಲನೆ ಹರಿಯುವ ತಿಳಿನೀರಿನ ಹಳ್ಳಗಳಿಗೆ ಕೊರತೆಯಿಲ್ಲ. ಅಂತಹ ನೀರಿನಲ್ಲಿಯೇ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಮರಿಮಾಡುತ್ತದೆ. ಮಲೇರಿಯಾವನ್ನು ಹರಡುವುದರಲ್ಲಿ ಅದು ಬಲು ಸಮರ್ಥ. ಬಯಲುಸೀಮೆಯವರು ಮಲೆನಾಡಿನ ಹೆಸರೆತ್ತಿದರೆ ಚಳಿಜ್ವರವನ್ನೇ ನೆನೆಯುತ್ತಿದ್ದ ಕಾಲವೊಂದಿತ್ತು.

ಈ ಜ್ವರದ ಭಾರವನ್ನು ಹೆಚ್ಚಾಗಿ ಹೊತ್ತವರು ಮಕ್ಕಳು. ಪದೇ ಪದೇ ಜ್ವರ ಬಂದ ಮಗುವಿನ ಎಡಪಕ್ಕೆಯ ಕೆಳಗೆ ಕೈಯಿಟ್ಟರೆ ಗಟ್ಟಿಯಾದ ಗಡ್ಡೆಯೊಂದು ತಗಲುತ್ತಿತ್ತು. ಜನ ಅದನ್ನು ಜ್ವರಗಡ್ಡೆಯೆಂದರು. ಅದು ಊದಿಕೊಂಡ ಗುಲ್ಮ. ಕೆಟ್ಟುಹೋದ ಕೆಂಪು ರಕ್ತಕಣಗಳನ್ನು ಸೋಸಿ ತೆಗೆಯುವ ಈ ಅಂಗ, ಕೆಲಸ ಮಿತಿಮೀರಿದಾಗ ದೊಡ್ಡದಾಗುತ್ತದೆ. 1848ರಲ್ಲಿ ಉತ್ತರ ಭಾರತದ ಕಾಲುವೆ ಪ್ರದೇಶಗಳಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯನು ಗುಲ್ಮ ಊದಿಕೊಂಡವರನ್ನು ಎಣಿಸಿ, ಅದರಿಂದ ಊರಿನ ಮಲೇರಿಯಾವನ್ನು ಅಳೆದನು. ಬಳಿಕ ಇದೇ ಲೋಕಮಾನ್ಯವಾದ ಅಳತೆಗೋಲಾಯಿತು. 2ರಿಂದ 9 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗುಲ್ಮ ಊದಿದ್ದರೆ ಆ ಊರಿನಲ್ಲಿ ರೋಗವು ಅತಿಯಾಗಿ ನೆಲೆಸಿದೆಯೆಂದು ಅರ್ಥ. ಬಡವೈದ್ಯನಿಗೆ ಬೆರಳೊಂದೇ ಸಾಕಾಗಿದ್ದ ಉಪಕರಣವಿದು!

ಆದರೆ ಗುಲ್ಮವು ಊರಿನ ಕಥೆಯನ್ನು ಹೇಳೀತೇ ಹೊರತು, ಈ ರಾತ್ರಿ ಪ್ರಜ್ಞೆ ತಪ್ಪಿ ಮಲಗಿರುವ ಮಗು ಬದುಕುವುದೋ ಇಲ್ಲವೋ ಎಂಬುದನ್ನು ಹೇಳಲಾರದು. ಅದಕ್ಕೆ ರಕ್ತವನ್ನೇ ಕೇಳಬೇಕು. 1880ರಲ್ಲಿ ಲಾವರಾನ್ ರಕ್ತದಲ್ಲಿ ಪರೋಪಜೀವಿಯನ್ನು ಕಂಡನು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡನು. ಅಂದಿನಿಂದ ಗಾಜಿನ ಪಟ್ಟಿಯ ಮೇಲಿನ ರಕ್ತಲೇಪವೇ ನಿರ್ಣಾಯಕವಾಯಿತು.

ಇಲ್ಲಿಯೂ ಒಂದು ತೊಡಕುಂಟು. ಪ್ರಾಣಕ್ಕೆ ಎರವಾಗುವ ಫಾಲ್ಸಿಪಾರಮ್ ಜಾತಿಯ ಪರೋಪಜೀವಿ ಹೊಕ್ಕ ರಕ್ತಕಣಗಳು ಮೆದುಳು ಮೊದಲಾದ ಅಂಗಗಳ ಸೂಕ್ಷ್ಮ ನಾಳಗಳ ಗೋಡೆಗೆ ಅಂಟಿಕೊಂಡು ಅಡಗಿಬಿಡುತ್ತವೆ. ಬೆರಳಿನಿಂದ ತೆಗೆದ ಹನಿಯಲ್ಲಿ ಅವು ಸ್ವಲ್ಪವೇ ಕಂಡರೂ ಒಳಗೆ ದೊಡ್ಡ ದಂಡೇ ಇರಬಹುದು. ಆದರೆ ಅಡಗಿದವು ತಮ್ಮ ಗುರುತನ್ನು ಅಡಗಿಸಲಾರವು. ರಕ್ತಕಣ ಒಡೆದಾಗ ಹಿಸ್ಟಿಡಿನ್ ಹೆಚ್ಚಾಗಿರುವ ಒಂದು ಪ್ರೋಟೀನು ರಕ್ತದ್ರವಕ್ಕೆ ಸೇರುತ್ತದೆ. ವಿಜ್ಞಾನಿಗಳು ಅದನ್ನು ಎಚ್.ಆರ್.ಪಿ.-2 ಎನ್ನುತ್ತಾರೆ. ಅದರ ಪ್ರಮಾಣವನ್ನು ಅಳೆದರೆ, ಕಾಣುವ ಮತ್ತು ಕಾಣದ ಪರೋಪಜೀವಿಗಳೆಲ್ಲದರ ಅಂದಾಜು ದೊರೆಯುತ್ತದೆ. ನಾಳಗಳ ಒಳಪದರ ಕೆರಳಿದಾಗ ಹೊರಬರುವ ಆಂಜಿಯೊಪೊಯೆಟಿನ್-2 ಎಂಬ ನಮ್ಮ ದೇಹದ್ದೇ ಪ್ರೋಟೀನು ಕೂಡ ರೋಗ ಉಲ್ಬಣಿಸಿದವರಲ್ಲಿ ಏರಿರುತ್ತದೆ.

ಇದರ ಬೆಲೆ ಏನೆಂಬುದು ಆಫ್ರಿಕದ ಮಲಾವಿಯಲ್ಲಿ ತಿಳಿದುಬಂತು. ಮೆದುಳಿನ ಮಲೇರಿಯಾದಿಂದ ತೀರಿಕೊಂಡರೆಂದು ಭಾವಿಸಲಾಗಿದ್ದ 31 ಮಕ್ಕಳ ಶವಪರೀಕ್ಷೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಅವರಲ್ಲಿ 7 ಮಂದಿಯ ಸಾವಿಗೆ ಬೇರೆಯೇ ಕಾರಣವಿತ್ತು. ರಕ್ತದಲ್ಲಿ ಪರೋಪಜೀವಿಯೇನೋ ಇತ್ತು, ಕೊಂದುದು ಅದಲ್ಲ. ಬಹುಮಂದಿ ಮಕ್ಕಳು ಜ್ವರವಿಲ್ಲದೆಯೂ ಪರೋಪಜೀವಿಯನ್ನು ಹೊತ್ತು ತಿರುಗುವ ನಾಡಿನಲ್ಲಿ ಇಂತಹ ಭ್ರಮೆ ಸಹಜ. ಎಚ್.ಆರ್.ಪಿ.-2 ತೀರ ಕಡಿಮೆಯಿದ್ದರೆ, ಮಿದುಳಪೊರೆಯ ಉರಿಯೂತದಂತಹ ಬೇರೆ ಕಾರಣವನ್ನು ವೈದ್ಯರು ತಡಮಾಡದೆ ಹುಡುಕಲು ಅದು ಸೂಚನೆಯಾಗುತ್ತದೆ.

1953ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಹಾಗೂ ಡಿ.ಡಿ.ಟಿ. ಸಿಂಪಡಣೆಯಿಂದ ಮಲೆನಾಡಿನ ಹಳೆಯ ಭೀತಿ ಬಹುಮಟ್ಟಿಗೆ ಅಳಿಯಿತು. ಈಗ ಜ್ವರ ಬಂದವರ ಬೆರಳಿನ ಹನಿ ರಕ್ತವನ್ನು ಪುಟ್ಟ ಪಟ್ಟಿಯೊಂದರ ಮೇಲೆ ಹಾಕಿದರೆ, ಸುಮಾರು ಕಾಲು ಗಂಟೆಯಲ್ಲಿ ಗೆರೆಗಳು ಮೂಡುತ್ತವೆ. ಆ ಪಟ್ಟಿ ಹುಡುಕುವುದೂ ಎಚ್.ಆರ್.ಪಿ.-2 ಪ್ರೋಟೀನನ್ನೇ. ವೈವಾಕ್ಸ್ ಜಾತಿಯಲ್ಲಿ ಈ ಪ್ರೋಟೀನು ಇಲ್ಲವಾದುದರಿಂದ ಅದಕ್ಕಾಗಿ ಬೇರೊಂದು ಗೆರೆಯಿರುತ್ತದೆ. ಪಟ್ಟಿಯು ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಎಷ್ಟಿದೆಯೆಂದು ತಿಳಿಯಲು ಪ್ರಯೋಗಾಲಯವೇ ಬೇಕು. ಗುಣವಾದ ಮೇಲೆಯೂ ಕೆಲವು ವಾರ ಈ ಪ್ರೋಟೀನು ರಕ್ತದಲ್ಲಿ ಉಳಿಯುವುದುಂಟು. ಇನ್ನು ಕೆಲವು ಫಾಲ್ಸಿಪಾರಮ್ ತಳಿಗಳು ಅದನ್ನು ತಯಾರಿಸುವುದನ್ನೇ ಬಿಟ್ಟಿರುವುದು 2010ರಲ್ಲಿ ಪೆರು ದೇಶದಿಂದ ವರದಿಯಾಯಿತು. ಆದಕಾರಣವೇ ಲಾವರಾನನ ಕಾಲದ ಸೂಕ್ಷ್ಮದರ್ಶಕ ಇಂದಿಗೂ ಆಸ್ಪತ್ರೆಯ ಮೇಜಿನ ಮೇಲಿದೆ.