ಕಬ್ಬಿನ ಒಳಗೆ ಬದುಕುವ ಬ್ಯಾಕ್ಟೀರಿಯಾ

ಮನೋಳಿ ಹತ್ತಿರ ಮಲಪ್ರಭಾ ದಂಡೆಯ ನಮ್ಮ ಹೊಲದಲ್ಲಿ ಹೋದ ವರ್ಷ ಕಬ್ಬು ಹಚ್ಚುವಾಗ ಅಬ್ಬಾ ಜೈವಿಕ ಗೊಬ್ಬರದ ಪಾಕೀಟು ತಂದಿದ್ದರು. ಅದನ್ನು ನೀರಿನಲ್ಲಿ ಕಲಸಿ, ಬಿತ್ತನೆ ತುಂಡುಗಳನ್ನು ಅದ್ದಿ ನೆಡಬೇಕಿತ್ತು. ಕೆಲಸದ ಗಡಿಬಿಡಿಯಲ್ಲಿ ಪಾಕೀಟು ಎಂಟು ದಿನ ಪತ್ರಾಸ್ ಶೆಡ್ಡಿನ ಬಿಸಿಲಿನಲ್ಲಿ ಬಿದ್ದಿತ್ತು. ಆಮೇಲೆ ಅಬ್ಬಾ, “ಇದರಿಂದ ಏನೂ ಫರಕ ಬೀಳಲಿಲ್ಲ, ಯೂರಿಯಾನ ಪಾಡ” ಎಂದರು. ಪಾಕೀಟನ್ನು ಅಲ್ಲಿಟ್ಟದ್ದು ನಾನೇ. ಅದರಲ್ಲಿದ್ದದ್ದು ಪುಡಿಯಷ್ಟೇ ಅಲ್ಲ, ಜೀವಂತ ಬ್ಯಾಕ್ಟೀರಿಯಾ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಶೇಂಗಾ ಗಿಡ ಕಿತ್ತರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಅವು ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳ ಮನೆ. ಕಬ್ಬಿನಲ್ಲಿ ಇಂಥ ಗಂಟುಗಳಿಲ್ಲ. ಆದರೂ 1988ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳಾದ ವ್ಲಾದಿಮಿರ್ ಕವಲ್ಕಾಂತೆ ಮತ್ತು ಜೊಹಾನಾ ಡೊಬೆರೈನರ್ ಕಬ್ಬಿನ ಬೇರು, ಕಾಂಡಗಳ ಒಳಗಿನಿಂದಲೇ ಗಾಳಿಯ ಸಾರಜನಕವನ್ನು ಸ್ಥಿರೀಕರಿಸುವ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ಅದರ ಈಗಿನ ಹೆಸರು ಗ್ಲುಕೊನಾಸಿಟೋಬ್ಯಾಕ್ಟರ್ ಡೈಅಜೋಟ್ರೋಫಿಕಸ್. (ಹೆಸರು ಬಾಯಿಪಾಠ ಮಾಡಲು ನನಗೆ ಎರಡು ದಿನ ಬೇಕಾಯಿತು.) ಶೇಕಡಾ 10ರಷ್ಟು ಸಕ್ಕರೆಯ ದ್ರಾವಣದಲ್ಲೂ ಅದು ಚೆನ್ನಾಗಿ ಬೆಳೆಯುತ್ತದೆ. ಕಬ್ಬಿಗಿಂತ ಒಳ್ಳೆಯ ಮನೆ ಅದಕ್ಕೆ ಎಲ್ಲಿ ಸಿಗಬೇಕು? ಹೊಸ ಕವಲು ಬೇರು ಹೊರಡುವಲ್ಲಿನ ಬಿರುಕುಗಳಿಂದ ಅದು ಒಳಹೋಗುತ್ತದೆ. ಬಿತ್ತನೆ ತುಂಡಿನ ಮೂಲಕ ಮುಂದಿನ ಬೆಳೆಗೂ ದಾಟುತ್ತದೆ.

ಗಾಳಿಯಲ್ಲಿ ಸುಮಾರು ಶೇ. 78 ಸಾರಜನಕವೇ ಇದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಬ್ಯಾಕ್ಟೀರಿಯಾದ ನೈಟ್ರೋಜಿನೇಸ್ ಕಿಣ್ವ ಅದನ್ನು ಅಮೋನಿಯಾ ಮಾಡುತ್ತದೆ. ಇದರ ಜೊತೆಗೆ ಈ ಬ್ಯಾಕ್ಟೀರಿಯಾ ಇಂಡೋಲ್ ಅಸಿಟಿಕ್ ಆಮ್ಲವನ್ನೂ ತಯಾರಿಸುತ್ತದೆ. ನಾವು ಪಾಠದಲ್ಲಿ ಓದಿದ ಆಕ್ಸಿನ್ ಅದೇ. ಬೇರು ಹೆಚ್ಚು ಕವಲೊಡೆದರೆ ನೀರು, ಪೋಷಕಾಂಶಗಳೂ ಹೆಚ್ಚು ಸಿಗುತ್ತವೆ. ಆದರೆ ಸಾರಜನಕ ಗೊಬ್ಬರ ಅತಿಯಾದಾಗ ಕಬ್ಬಿನೊಳಗೆ ಈ ಬ್ಯಾಕ್ಟೀರಿಯಾಗಳ ಸಂಖ್ಯೆ ಇಳಿಯುತ್ತದೆ. ಹಾಗೆಂದು ಯೂರಿಯಾ ಪೂರ್ತಿ ನಿಲ್ಲಿಸಿ ಎಂದು ಅಬ್ಬಾಗೆ ಹೇಳುವ ಧೈರ್ಯ ನನಗಿಲ್ಲ. ತಳಿ, ಮಣ್ಣು ಬದಲಾದಂತೆ ಫಲವೂ ಬದಲಾಗುತ್ತದೆ.

ಬ್ಯಾಕ್ಟೀರಿಯಾ ಒಳಗಿನದೋ, ಸಿಪ್ಪೆಗೆ ಅಂಟಿಕೊಂಡದ್ದೋ ಎಂದು ತಿಳಿಯುವುದು ಹೇಗೆ? ನಮ್ಮ ಪ್ರಯೋಗಾಲಯದಲ್ಲಿ ಇದನ್ನು ನೋಡಿದೆವು. ಕಬ್ಬಿನ ಚೂರುಗಳನ್ನು ಸ್ಪಿರಿಟ್ ಮತ್ತು ಬ್ಲೀಚಿಂಗ್ ದ್ರಾವಣದಲ್ಲಿ ತೊಳೆದು, ಕುಕ್ಕರಿನಲ್ಲಿ ಕುದಿಸಿ ಆರಿಸಿದ ನೀರಿನಿಂದ ಹಲವು ಸಲ ಜಾಲಾಡಿದೆವು. ಕೊನೆಯ ಸಲ ಜಾಲಾಡಿದ ನೀರನ್ನು ಒಂದು ಅಗರ್ ತಟ್ಟೆಗೆ, ಚೂರುಗಳನ್ನು ಅರೆದ ರಸವನ್ನು ಇನ್ನೊಂದಕ್ಕೆ ಹಾಕಿದೆವು. ಮೊದಲ ಸಲ ಎರಡರಲ್ಲೂ ಚುಕ್ಕೆಗಳು ಬೆಳೆದವು. ನಮಗೋ ಸಂಭ್ರಮ, ಆದರೆ ಉಪನ್ಯಾಸಕರು ರೆಕಾರ್ಡಿನಲ್ಲಿ “ಸಿದ್ಧವಾಗಲಿಲ್ಲ” ಎಂದು ಬರೆಸಿದರು. ತೊಳೆದ ನೀರಿನಲ್ಲೇ ಬ್ಯಾಕ್ಟೀರಿಯಾ ಉಳಿದಿದ್ದರೆ ರಸದಲ್ಲಿದ್ದವು ಒಳಗಿನವು ಎನ್ನುವುದು ಹೇಗೆ? ಎರಡನೇ ಸಲ ಇನ್ನೂ ಹೆಚ್ಚು ಹೊತ್ತು ತೊಳೆದೆವು. ನೀರಿನ ತಟ್ಟೆ ಖಾಲಿ, ರಸದ ತಟ್ಟೆಯಲ್ಲಿ ಹಳದಿ ಚುಕ್ಕೆಗಳು. ಅವು ಯಾವ ಜಾತಿಯವು ಎಂದು ಹೇಳಲು ನಮ್ಮ ಸಾಧನಗಳು ಸಾಲವು. ಒಳಗಿನಿಂದ ಬಂದವು ಎಂದಷ್ಟೇ ಬರೆದೆವು.

ಈ ಸಲ ಹೊಸ ಪಾಕೀಟನ್ನು ಮನೆಯೊಳಗೆ ನೀರಿನ ಕೊಡದ ಪಕ್ಕ, ತಂಪಿನಲ್ಲಿ ಇಟ್ಟಿದ್ದೆ. ಅಬ್ಬಾ ಎಂಟು ಸಾಲು ನನಗೆ ಬಿಟ್ಟುಕೊಟ್ಟರು. ನಾಲ್ಕರಲ್ಲಿ ಅದ್ದಿದ ತುಂಡು, ನಾಲ್ಕರಲ್ಲಿ ಬರೀ ನೀರಿನಲ್ಲಿ ಅದ್ದಿದ್ದು. ನೀರು, ಯೂರಿಯಾ ಎಲ್ಲವೂ ಸಮ. ಕಟಾವಿನ ದಿನ ಎರಡನ್ನೂ ಬೇರೆ ಬೇರೆ ತೂಗಿಸಲು ಅವರು ಒಪ್ಪಿದ್ದಾರೆ.