ಪಹಣಿಯಲ್ಲಿ ನಿನ್ನ ಹೆಸರಿದೆ, ನೀರಿನ ಲೆಕ್ಕ ಬೇರೆ

ಮಗು, ಜಮೀನು ನಿನ್ನ ಹೆಸರಿಗೆ ಪೌತಿ ಖಾತೆಯಾಯಿತು ಎಂದು ತಿಳಿದು ಸಂತೋಷವಾಯಿತು. ಜೊತೆಗೆ ನಿನ್ನ ಸಿಟ್ಟಿನ ಸುದ್ದಿಯೂ ಬಂತು. ಅಧಿಕಾರಿಗಳು ನೀಲಗಿರಿ ಹಾಕಬೇಡ ಅನ್ನುತ್ತಾರೆ, ಬೋರ್‌ವೆಲ್ ಕೊರೆಸಲು ಅನುಮತಿ ತಾ ಅನ್ನುತ್ತಾರೆ, ಹಳ್ಳ ಮುಚ್ಚಬೇಡ ಅನ್ನುತ್ತಾರೆ. ಕಂದಾಯ ಕಟ್ಟುವವನು ನಾನು, ಕೇಳಲು ಇವರು ಯಾರು ಎಂದೆಯಂತೆ. ಆ ಸಿಟ್ಟನ್ನು ನಾನು ತಳ್ಳಿಹಾಕುವುದಿಲ್ಲ. ಅದರಲ್ಲಿ ನ್ಯಾಯ ಎಷ್ಟು, ಅಲ್ಲದ್ದು ಎಷ್ಟು ಎಂದು ಬಿಡಿಸಿ ನೋಡಿಕೊಳ್ಳದೆ ಮಾತ್ರ ಮುಂದಡಿ ಇಡಬೇಡ.

ನೀಲಗಿರಿಯಿಂದಲೇ ಶುರು ಮಾಡೋಣ. 1983ರಲ್ಲಿ ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಸಸಿ ಕೊಟ್ಟು ಹುರಿದುಂಬಿಸಿದ್ದು ಸರ್ಕಾರವೇ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಎಷ್ಟೋ ರಾಗಿ ಹೊಲಗಳು ತೋಪುಗಳಾದವು. ಮಕ್ಕಳು ಪೀಣ್ಯದ ಕಾರ್ಖಾನೆಗಳಿಗೆ ಹೋದ ಮನೆಗಳಲ್ಲಿ ಉಳುವವರಿರಲಿಲ್ಲ. ಈ ಮರಕ್ಕಾದರೆ ಕಾವಲು ಬೇಡ, ಕಳೆ ಕೀಳುವುದು ಬೇಡ, ದನ ಬಾಯಿ ಹಾಕುವುದಿಲ್ಲ, ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. 2017ರ ಫೆಬ್ರುವರಿಯಲ್ಲಿ ಹೊಸದಾಗಿ ನೆಡುವುದನ್ನೇ ನಿಷೇಧಿಸಿದರು. ಆಮೇಲೆ ನಮ್ಮ ಜಿಲ್ಲಾಡಳಿತ ಇದ್ದದ್ದನ್ನೂ ತೆಗೆಸುವ ಅಭಿಯಾನ ನಡೆಸಿತು. ಹಾಕಿ ಎಂದವರೂ ಅವರೇ, ಕೀಳಿ ಎಂದವರೂ ಅವರೇ. ಬುಡ ಕೀಳಿಸಲು ಜೆಸಿಬಿ ಬಾಡಿಗೆ ಕೊಟ್ಟು, ಆ ನೆಲ ಮತ್ತೆ ಹದಕ್ಕೆ ಬರುವವರೆಗೆ ಕಾದು ಕೂರುವ ರೈತನಿಗೆ ಬರೀ ಆದೇಶ ಕೊಟ್ಟು ಕಳಿಸಿದರೆ ಅದು ಅನ್ಯಾಯವೇ. ತಹಶೀಲ್ದಾರರ ಮುಂದೆ ಇದನ್ನು ಗಟ್ಟಿಯಾಗಿ ಹೇಳು, ನಾನೂ ಜೊತೆಗೆ ಬರುತ್ತೇನೆ.

ಆದರೆ ನೀರಿನ ಲೆಕ್ಕದಲ್ಲಿ ವಾದಕ್ಕೆ ಜಾಗವಿಲ್ಲ. ನಮ್ಮ ಹೊಸಕೋಟೆಯ ತೋಪಿನಲ್ಲೇ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಜೊತೆಗಾರರು ಅಳೆದು, 1997ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಮೂರು ವರ್ಷದಲ್ಲಿ ಅಲ್ಲಿ ಬಿದ್ದ ಮಳೆ 2,100 ಮಿಲಿಮೀಟರ್. ಮರಗಳು ಎಳೆದುಕೊಂಡದ್ದು 3,400. ಬೀಳದ ಮಳೆಯನ್ನು ಮರ ಕುಡಿದದ್ದು ಹೇಗೆ? ಬೇರು ವರ್ಷಕ್ಕೆ ಎರಡೂವರೆ ಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿದು, ಹಿಂದಿನ ಮಳೆಗಳು ಮಣ್ಣಿನಲ್ಲಿ ಬಿಟ್ಟುಹೋಗಿದ್ದ ತೇವವನ್ನೆಲ್ಲ ಹೀರಿತ್ತು. ಬೆಂಗಳೂರಿನ ‘ಏಟ್ರಿ’ ಸಂಸ್ಥೆಯ ಸಂಶೋಧಕರು ಅರ್ಕಾವತಿ ನದಿ ಬತ್ತಿದ್ದೇಕೆಂದು ಹುಡುಕಿದಾಗ, ಮಳೆ ಕಡಿಮೆಯಾಯಿತು ಎಂಬ ನಮ್ಮೆಲ್ಲರ ನೆಪ ನಿಲ್ಲಲಿಲ್ಲ. ಕೊಳವೆಬಾವಿ ಮತ್ತು ನೀಲಗಿರಿಯೇ ಮುಂದೆ ಬಂದವು.

ಭೂಮಿಯೊಳಗಿನ ನೀರು ಭೂಮಿಯವನದೇ ಎಂಬ ಮಾತೂ ನೀನು ಹುಟ್ಟಿಸಿದ್ದಲ್ಲ. 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ ಅದಕ್ಕೆ ಆಧಾರವಿದೆ. ಅದು ಕಪಿಲೆ ಹೊಡೆಯುತ್ತಿದ್ದ ಕಾಲದ ಕಾನೂನು ಮಗು. ಎತ್ತು ದಣಿದಾಗ ಬಾವಿಗೂ ಬಿಡುವು ಸಿಗುತ್ತಿತ್ತು, ನಿನ್ನ ಸಬ್‌ಮರ್ಸಿಬಲ್ ಪಂಪಿಗೆ ದಣಿವೆಂಬುದಿಲ್ಲ. ಆಳದ ಬಂಡೆಯ ಬಿರುಕಿಗೆ ಸರ್ವೆ ಕಲ್ಲಿನ ಗುರುತೂ ಇಲ್ಲ. ನಮ್ಮ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ. ಹಾಗಾಗಿ 2011ರ ಅಂತರ್ಜಲ ಕಾಯ್ದೆಯಂತೆ ಕೊರೆಸುವ ಮುಂಚೆ ಅನುಮತಿ ಬೇಕು. ಊರಿನ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಕೊರೆಸುವಂತಿಲ್ಲ ಎಂದು 1999ರ ಕಾಯ್ದೆ ಇನ್ನೂ ಮೊದಲೇ ಹೇಳಿದೆ. ರಿಗ್ ಲಾರಿಯವನು ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಮುಗಿಸಿಕೊಡುತ್ತೇನೆ ಅಂದರೆ ಒಪ್ಪಬೇಡ. ಅವನು ಬೆಳಿಗ್ಗೆ ಹೊರಟುಹೋಗುತ್ತಾನೆ, ಪಕ್ಕದ ಹೊಲದವರ ಮುಖ ನೋಡಬೇಕಾದವನು ನೀನು. ನೀರು ಬರದ ಹಳೇ ಗುಂಡಿಯಿದ್ದರೆ ಇವತ್ತೇ ಭದ್ರವಾಗಿ ಮುಚ್ಚಿಸು. ಅದು ಮಕ್ಕಳ ಜೀವದ ವಿಚಾರ, ನಾಳೆ ಎನ್ನಬೇಡ.

ಇನ್ನು ಹಳ್ಳದ ಮಾತು. ಲೇಔಟ್ ಮಾಡುವವರು ಬಂದು ಹೋಗುತ್ತಿದ್ದಾರೆಂದು ಕೇಳಿದೆ. ಕರಾರಿಗೆ ರುಜು ಹಾಕುವ ಮೊದಲು ಪಹಣಿಯಲ್ಲಿ ‘ಬಿ ಖರಾಬು’ ಎಷ್ಟು ಗುಂಟೆ ಇದೆ ನೋಡು, ಗ್ರಾಮ ನಕಾಶೆ ತೆಗೆಸು, ದಿಶಾಂಕ್ ಆ್ಯಪ್‌ನಲ್ಲಿ ನಿನ್ನ ಸರ್ವೆ ನಂಬರ್ ಹಾಕಿ ಕಾಲುವೆ ಎಲ್ಲಿ ಹಾಯುತ್ತದೆ ಎಂದು ನೋಡು. ಹಳ್ಳ, ನಾಲೆ, ಹರಿಯುವ ನೀರು ಸರ್ಕಾರದ ಸ್ವತ್ತು ಎಂದು 1964ರ ಭೂ ಕಂದಾಯ ಕಾಯ್ದೆಯ 67ನೇ ಕಲಂ ಹೇಳುತ್ತದೆ. ಬಿ ಖರಾಬು ನಿನ್ನ ಸರ್ವೆ ನಂಬರಿನೊಳಗೇ ಇರಬಹುದು, ಆದರೂ ಮಾರಲು ನಿನ್ನದಲ್ಲ. ಅದನ್ನು ಸೈಟು ಮಾಡಿ ಮಾರಿದರೆ ಸಾಲ ಮಾಡಿ ಮನೆ ಕಟ್ಟಿದವರು ಬೀದಿಗೆ ಬೀಳುತ್ತಾರೆ. ಅರ್ಕಾವತಿ, ಕುಮುದ್ವತಿ ಎರಡೂ ನಮ್ಮ ಇಂಥ ಸಣ್ಣ ಹಳ್ಳಗಳಿಂದಲೇ ತುಂಬಿ ಹರಿದವು. 1894ರ ಹೆಸರಘಟ್ಟ ಕೆರೆ, 1933ರ ತಿಪ್ಪಗೊಂಡನಹಳ್ಳಿ ಜಲಾಶಯ ಬೆಂಗಳೂರು ನಗರಕ್ಕೆ ನೀರು ಕೊಟ್ಟದ್ದು ಹಾಗೆ. ಆ ಜಲಾನಯನ ಉಳಿಸಲು ಕಟ್ಟಡ, ಕೈಗಾರಿಕೆಗಳ ಮೇಲೆ ನಿರ್ಬಂಧ ಹಾಕಿದ ಆದೇಶ 2003ರ ನವೆಂಬರಿನದು. ಅಷ್ಟರಲ್ಲಿ ಬಹಳ ಹಳ್ಳಗಳು ಆಗಲೇ ಮುಚ್ಚಿಹೋಗಿದ್ದವು.

ಕಾರ್ಖಾನೆಯವರನ್ನು ಯಾರೂ ಕೇಳುವುದಿಲ್ಲ, ರೈತನನ್ನು ಮಾತ್ರ ಹಿಡಿಯುತ್ತಾರೆ ಎಂದೂ ಅಂದೆಯಂತೆ. ಅಲ್ಲಿ ನಿನ್ನ ಮಾತಿಗೆ ತೂಕವಿದೆ. ದೊಡ್ಡಬಳ್ಳಾಪುರದ ಒಳಚರಂಡಿ ನೀರು, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ಸೇರಿ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳು ಏನಾಗಿವೆ ಎಂದು ಹೋಗಿ ನೋಡು. ಆ ಊರುಗಳ ಜನ ಕುಡಿಯುವ ನೀರಿಗಾಗಿ ರಸ್ತೆಗಿಳಿದು ಕೂತಿದ್ದಾರೆ. 1974ರ ಜಲಮಾಲಿನ್ಯ ಕಾಯ್ದೆ ಬಂದು ಅರ್ಧ ಶತಮಾನವಾದರೂ ಅವರು ಹೀಗೆ ಕೂರಬೇಕಾಗಿ ಬಂದದ್ದು ನನ್ನ ಹೊಟ್ಟೆ ಉರಿಸುತ್ತದೆ. ಆದರೆ ಅವರು ಕೇಳುತ್ತಿರುವುದು ಕಾನೂನು ಸಡಿಲಿಸಿ ಎಂದಲ್ಲ, ಇರುವುದನ್ನು ಎಲ್ಲರ ಮೇಲೂ ಜಾರಿ ಮಾಡಿ ಎಂದು. ನಿನ್ನ ಸಿಟ್ಟನ್ನು ಅಲ್ಲಿಗೆ ತೆಗೆದುಕೊಂಡು ಹೋಗು. ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡು, ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಕೊಡು, ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆದು ಜೋಪಾನ ಮಾಡು. ಆಗ ಅಧಿಕಾರಿ ನಿನ್ನನ್ನು ಮೊದಲು ಕೇಳುವ ಪ್ರಶ್ನೆ ನಿನ್ನ ಜಮೀನಿನ ಹಳ್ಳದ್ದೇ ಆಗಿರುತ್ತದೆ. ಅದಕ್ಕೇ ಹೇಳಿದ್ದು, ಈ ವಾರವೇ ಭೂಮಾಪಕರನ್ನು ಕರೆಸಿ ಹದ್ದುಬಸ್ತು ಮಾಡಿಸು.